ಮೊದಲ ಮೊಬೈಲ್ ಗೇಮ್‌ಗೆ ಜನರಿಂದ ದುಡ್ಡು: ಕಿಕ್‌ಸ್ಟಾರ್ಟರ್, ಪೇಟ್ರಿಯಾನ್, ಇಚ್, ಯುಪಿಐ

ನಾನು ಮಾಡುತ್ತಿರುವುದು ಚೌಕಾಬಾರ. ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ. ಕೋಡ್ ನಾನೇ ಬರೆಯುತ್ತೇನೆ. ಆದರೆ ಚಿತ್ರ ಬಿಡಿಸುವವರಿಗೆ, ಕವಡೆ ಉರುಳುವ ಸದ್ದು ಮಾಡಿಕೊಡುವವರಿಗೆ ದುಡ್ಡು ಕೊಡಬೇಕಲ್ವಾ? ಅದನ್ನು ಆಡುವ ಜನರಿಂದಲೇ ಮುಂಗಡವಾಗಿ ಎತ್ತೋಣ ಅಂತ ಇರುವ ದಾರಿಗಳನ್ನು ಒಂದೊಂದಾಗಿ ನೋಡಿದೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಆಟ ಆಡುವವರು ದಿನಾ ಹೇಗೆ ದುಡ್ಡು ಕೊಡುತ್ತಾರೋ, ಆ ದಾರಿಯಲ್ಲೇ ಕೇಳಿ.

ಹೀಗೆ ಜನರಿಂದ ದುಡ್ಡು ಎತ್ತುವ ವೆಬ್‌ಸೈಟ್‌ಗಳಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಕಿಕ್‌ಸ್ಟಾರ್ಟರ್. 2009ರಿಂದ ಇದೆ. ಗುರಿ ಮುಟ್ಟಿದರೆ ಮಾತ್ರ ದುಡ್ಡು ಸಿಗುತ್ತದೆ, ಮುಟ್ಟದಿದ್ದರೆ ಯಾರ ಕಾರ್ಡ್‌ನಿಂದಲೂ ಒಂದು ಪೈಸೆ ಹೋಗುವುದಿಲ್ಲ. ಈ ನಿಯಮ ನನಗೆ ತುಂಬ ಇಷ್ಟ. ಅರ್ಧ ದುಡ್ಡಿನಲ್ಲಿ ಅರ್ಧ ಆಟ ಮಾಡಿ ಕೈ ಎತ್ತುವ ಪ್ರಸಂಗವೇ ಬರುವುದಿಲ್ಲ. ಅಲ್ಲಿ ಡ್ರಾಫ್ಟ್ ಪುಟ ಮಾಡಿ, ಪ್ರಿವ್ಯೂ ಲಿಂಕನ್ನು ಗೆಳೆಯರಿಗೆ ಕಳಿಸಿ ಅಭಿಪ್ರಾಯ ಕೇಳಿದೆ. ಅಷ್ಟು ಕೆಲಸದಿಂದಲೇ ನನ್ನ ಬಜೆಟ್ ಒಂದು ರೂಪಕ್ಕೆ ಬಂತು. ಮುಂದಕ್ಕೆ ಹೋಗಲು ಮಾತ್ರ ದಾರಿಯಿಲ್ಲ. ಪ್ರಾಜೆಕ್ಟ್ ಹಾಕುವವರು ವಾಸವಿರಬೇಕಾದ ದೇಶಗಳ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ಸಿಂಗಪುರ, ಜಪಾನ್ ಇವೆ, ಇಂಡಿಯಾ ಇಲ್ಲ. ಅಲ್ಲಿರುವ ನೆಂಟರ ಹೆಸರಲ್ಲಿ ಹಾಕು ಅಂತ ಹೇಳುವವರಿದ್ದಾರೆ. ಆಗ ಬ್ಯಾಂಕ್ ಖಾತೆ, ತೆರಿಗೆ, ಕೊಟ್ಟ ಮಾತಿನ ಹೊಣೆ ಎಲ್ಲವೂ ಆ ನೆಂಟರ ತಲೆ ಮೇಲೆ. ನನಗೆ ಅದು ಸರಿ ಅನ್ನಿಸಲಿಲ್ಲ.

ಇನ್ನೊಂದು ವಿಷಯ ಮೊಬೈಲ್ ಗೇಮ್‌ಗೇ ಅಂಟಿಕೊಂಡದ್ದು. ಕಂಪ್ಯೂಟರ್ ಗೇಮ್ ಆದರೆ ದುಡ್ಡು ಕೊಟ್ಟವರಿಗೆ ಸ್ಟೀಮ್ ಕೀ (ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಿಂದ ಆಟ ಇಳಿಸಿಕೊಳ್ಳುವ ಕೋಡ್) ಕಳಿಸಿದರೆ ಮುಗೀತು. ಮೊಬೈಲ್‌ನಲ್ಲಿ ಅಷ್ಟು ಸಲೀಸಲ್ಲ. ಗೂಗಲ್ ಪ್ಲೇಯಲ್ಲಿ ಮೂರು ತಿಂಗಳಿಗೆ ಆಟವನ್ನು ಪುಕ್ಕಟೆ ಕೊಡುವ ಪ್ರೋಮೊ ಕೋಡ್ 500 ಮಾತ್ರ. ಆಪಲ್‌ನಲ್ಲಿ ಒಂದು ಆವೃತ್ತಿಗೆ 100, ಅದೂ ನಾಲ್ಕು ವಾರದೊಳಗೆ ಬಳಸಬೇಕು. ಸಾವಿರ ಜನರಿಂದ ಮುಂಗಡ ತೆಗೆದುಕೊಳ್ಳುವ ಮೊದಲು ಅವರ ಕೈಗೆ ಆಟ ಹೇಗೆ ತಲುಪಿಸುತ್ತೀರಿ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಹೆಸರಾದ ವೇದಿಕೆಗೆ ಹೋದ ಮಾತ್ರಕ್ಕೆ ದುಡ್ಡು ಬರುತ್ತದೆ ಅಂತಲೂ ಇಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟಲಿಲ್ಲ. ಆದರೂ ಅವರು ಬಿಡಲಿಲ್ಲ, 2020ರಲ್ಲಿ ಆಟ ಹೊರಬಂತು.

ಪೇಟ್ರಿಯಾನ್ ತಿಂಗಳು ತಿಂಗಳು ದುಡ್ಡು ಕೊಡುವವರಿಗಾಗಿ ಇರುವುದು. ವಾರಕ್ಕೊಂದು ವಿಡಿಯೊ ಹಾಕುವವರಿಗೆ ಚೆನ್ನ. ಒಂದೇ ಆಟ ಮಾಡಿ ಮುಗಿಸುವವರಿಗೆ ಹೊಂದುವುದಿಲ್ಲ. ಜೊತೆಗೆ, ನಮ್ಮ ಕಾರ್ಡ್‌ಗಳಿಂದ ತಾನಾಗಿ ದುಡ್ಡು ಕಟ್ ಆಗುವ ನಿಯಮವನ್ನು ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಬಿಗಿ ಮಾಡಿದೆ. ಬೇಗ ಬಿಟ್ಟೆ. ದೇಣಿಗೆ ಎತ್ತುವ ನಮ್ಮ ದೇಶದ ಸೈಟ್‌ಗಳಾದ ಕೆಟ್ಟೊ, ಮಿಲಾಪ್‌ಗಳಲ್ಲಿ ಕಾಣುವುದು ಹೆಚ್ಚಾಗಿ ಆಸ್ಪತ್ರೆ ಖರ್ಚಿನ ಮನವಿಗಳು. ಮಗುವಿನ ಆಪರೇಷನ್ ಪಕ್ಕದಲ್ಲಿ ನನ್ನ ಆಟಕ್ಕೆ ದುಡ್ಡು ಕೇಳಲು ಮನಸ್ಸಾಗಲಿಲ್ಲ.

ಸಣ್ಣ ತಂಡಗಳು ತಮ್ಮ ಆಟ ಹಾಕಿ ಮಾರುವ ಸೈಟ್ ಇಚ್ ಡಾಟ್ ಐಒ ನಿಜಕ್ಕೂ ಒಳ್ಳೆಯ ಜಾಗ. ಅರ್ಧ ಆದ ಆಟವನ್ನೇ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕಿಕೊಳ್ಳುವ ಆಂಡ್ರಾಯ್ಡ್ ಫೈಲ್) ಆಗಿ ಹಾಕಿ, ‘ಇಷ್ಟ ಬಂದಷ್ಟು ಕೊಡಿ’ ಅನ್ನಬಹುದು. ಅವರು ಸಾಮಾನ್ಯವಾಗಿ 10% ತೆಗೆದುಕೊಳ್ಳುತ್ತಾರೆ, ಬೇಕಾದರೆ ನೀವು ಅದನ್ನು ಸೊನ್ನೆಗೂ ಇಳಿಸಬಹುದು. ಅಮೆರಿಕ, ದುಬೈ ಕಡೆಯ ಕನ್ನಡಿಗರು ನನಗೆ ಸಿಕ್ಕಿದ್ದು ಇಲ್ಲೇ. ಆದರೆ ದಾವಣಗೆರೆಯ ನಮ್ಮ ಚಿಕ್ಕಮ್ಮನಂಥವರಿಗೆ ಇದು ಆಗದ ಮಾತು. ಅಲ್ಲಿ ದುಡ್ಡು ಕೊಡುವುದು ಪೇಪಾಲ್ ಅಥವಾ ಕಾರ್ಡ್ ಮೂಲಕ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ. ಡೆಬಿಟ್ ಕಾರ್ಡ್‌ನಲ್ಲಿ ವಿದೇಶಿ ಪಾವತಿಯನ್ನು ನಾವೇ ಆನ್ ಮಾಡಿಕೊಳ್ಳಬೇಕು. ಎಪಿಕೆ ಹಾಕಿಕೊಳ್ಳಲು ಹೋದರೆ ಫೋನ್ ‘ಇದು ಅಪಾಯ ಇರಬಹುದು’ ಅಂತ ಎಚ್ಚರಿಸುತ್ತದೆ. ಚಿಕ್ಕಮ್ಮ ಅಲ್ಲಿಗೇ ಫೋನ್ ಕೆಳಗಿಟ್ಟರು.

ಅವರಿಗೇ ಕ್ಯುಆರ್ ಕೋಡ್ ಕಳಿಸಿದಾಗ ಅರ್ಧ ನಿಮಿಷದಲ್ಲಿ ₹200 ಬಂತು. ಈಗ ನನ್ನ ಆಟ ನಿಂತಿರುವುದು ಈ ದಾರಿಯ ಮೇಲೆ. ಯುಪಿಐನಲ್ಲಿ ₹200 ಅಂದರೆ ಪೂರ್ತಿ ₹200. ರೇಜರ್‌ಪೇಯಂಥ ಗೇಟ್‌ವೇ (ನಮ್ಮ ಪರವಾಗಿ ಆನ್‌ಲೈನ್ ಪಾವತಿ ತೆಗೆದುಕೊಳ್ಳುವ ಕಂಪನಿ) ಇಟ್ಟುಕೊಂಡರೆ 2% ಮತ್ತು ಅದರ ಮೇಲೆ 18% ಜಿಎಸ್‌ಟಿ ಹೋಗಿ ₹195.28 ಉಳಿಯುತ್ತದೆ. ಪ್ಲೇ ಸ್ಟೋರ್‌ನಲ್ಲಿ ಮಾರಿದರೆ 15% ಕಮಿಷನ್ನೇ ₹30.

ಕಷ್ಟ ಇಲ್ಲ ಅಂತಲ್ಲ. ಯುಪಿಐನಲ್ಲಿ ಕೊಟ್ಟವರ ಹೆಸರು ಕಾಣುತ್ತದೆ, ಇಮೇಲ್ ಬರುವುದಿಲ್ಲ. ಹಾಗಾಗಿ ಒಂದು ಗೂಗಲ್ ಫಾರ್ಮ್ ಇಟ್ಟು, ಪ್ರತಿ ಪಾವತಿಗೂ ಸಿಗುವ 12 ಅಂಕಿಯ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ನಂಬರ್ ತುಂಬಿಸಿ, ರಾತ್ರಿ ಕೂತು ಪಾಸ್‌ಬುಕ್ ಜೊತೆ ತಾಳೆ ನೋಡುತ್ತೇನೆ. ಇದಕ್ಕೆಂದೇ ಬೇರೆ ಖಾತೆ ಇದೆ. ಕಿಕ್‌ಸ್ಟಾರ್ಟರ್‌ನ ನಿಯಮವನ್ನೇ ಇಲ್ಲಿಗೂ ತಂದೆ: ಹೇಳಿದ ದಿನಕ್ಕೆ ಹೇಳಿದ ಮೊತ್ತ ಆಗದಿದ್ದರೆ ಎಲ್ಲರಿಗೂ ವಾಪಸ್. ಆ ಮಾತು ಬರೆದು ಹಾಕಿದ ಮೇಲೆ ಗುರುತಿಲ್ಲದವರೂ ಕೊಡಲು ಶುರು ಮಾಡಿದರು.

2013ರ ‘ಲೂಸಿಯಾ’ ಪ್ರೇಕ್ಷಕರ ದುಡ್ಡಲ್ಲಾದ ಸಿನಿಮಾ ಅಂತ ನೆನಪಿಟ್ಟವರು ‘ಲಾಭದಲ್ಲಿ ಪಾಲು ಕೊಡ್ತೀರಾ?’ ಅಂತ ಕೇಳುತ್ತಾರೆ. ಕೊಡಲ್ಲ ಅಂತ ಮೊದಲೇ ಹೇಳಿ. ಆನ್‌ಲೈನಲ್ಲಿ ಕಂಡಕಂಡವರಿಗೆ ಷೇರು ಮಾರಿ ಹಣ ಎತ್ತಲು ಷೇರುಪೇಟೆಯ ಮೇಲ್ವಿಚಾರಕ ಸಂಸ್ಥೆ ಸೆಬಿ ಅನುಮತಿ ಕೊಟ್ಟಿಲ್ಲ. ನೀವು ತೆಗೆದುಕೊಳ್ಳುತ್ತಿರುವುದು ಆಟದ ಮುಂಗಡ. ಅದು ನಿಮ್ಮ ಆದಾಯ, ತೆರಿಗೆ ಲೆಕ್ಕಕ್ಕೂ ಬರುತ್ತದೆ.

ದುಡ್ಡಿಗಿಂತ ಜಾಸ್ತಿ ಉಪಕಾರವಾದದ್ದು ಮುಂಗಡ ಕೊಟ್ಟವರ ವಾಟ್ಸಾಪ್ ಗುಂಪಿನಿಂದ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರ ಆಟ ಪ್ಲೇ ಸ್ಟೋರ್‌ಗೆ ಹೋಗಬೇಕಾದರೆ ಕನಿಷ್ಠ 12 ಟೆಸ್ಟರ್‌ಗಳು ಸತತ 14 ದಿನ ಇರಬೇಕು. ಒಬ್ಬಂಟಿಗೆ ಇವರನ್ನು ಹುಡುಕುವುದೇ ಕಷ್ಟ. ನನಗೆ ಮುಂಗಡ ಕೊಟ್ಟವರೇ ಟೆಸ್ಟರ್ ಆದರು. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗಬಹುದೇ ಅಂತ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಮೈಸೂರಿನವರದು ಒಂದು ನಿಯಮ, ಹುಬ್ಬಳ್ಳಿಯವರದು ಇನ್ನೊಂದು. ಕೊನೆಗೆ ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಇಟ್ಟೆ. ಆಟ ಅದರಿಂದ ಚೆಂದವಾಯಿತು.

ಇನ್ನು ಐಫೋನ್ ಆವೃತ್ತಿ ಆಗಬೇಕು. ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಅದನ್ನು ಇಚ್‌ನಲ್ಲೇ ಕೇಳುತ್ತಿದ್ದೇನೆ. ಐಫೋನ್‌ನಲ್ಲಿ ಯಾವಾಗ ಬರುತ್ತೆ ಅಂತ ಕೇಳುತ್ತಿರುವವರೆಲ್ಲ ಹೊರದೇಶದವರು, ಅವರ ಕಾರ್ಡ್ ಅಲ್ಲಿ ನಡೆಯುತ್ತದೆ.