ಚೆನ್ನಮ್ಮನ ಗಾಡಿಯ ಸ್ಲೀಪರ್ ಬೋಗಿ: ಅವ್ವನ ಜೊತೆ ಒಂದು ರಾತ್ರಿ, ಒಬ್ಬಳೇ ಒಂದು ರಾತ್ರಿ

ನಮ್ಮವ್ವನಿಗೆ 76 ವರ್ಷ. ಎರಡೂ ಮೊಣಕಾಲು ನೋವು. ಮೂರು ತಿಂಗಳು ಬಸವೇಶ್ವರನಗರದ ನಮ್ಮ ಮನೆಯಲ್ಲಿದ್ದಳು. ಸಂಕ್ರಾಂತಿಗೆ ಬೆಳಗಾವಿಯಲ್ಲಿ ಇರಲೇಬೇಕು ಅಂತ ಹಠ ಹಿಡಿದಳು. ಮಗ ಮೊಬೈಲ್‌ನಲ್ಲಿ ಎಸಿ ಸ್ಲೀಪರ್ ಬಸ್ ತೋರಿಸಿ, "ಅಜ್ಜಿ, ಮನೆ ಹತ್ರಾನೇ ಹತ್ತಬಹುದು" ಅಂದ. ಅವ್ವ ಕೇಳಿದ್ದು ಒಂದೇ ಮಾತು. "ರಾತ್ರಿ ಎದ್ರ ಎಲ್ಲಿ ಹೋಗೂದು? ಡ್ರೈವರಗ ಗಾಡಿ ನಿಲ್ಸಂತ ಹೇಳ್ಲೇನು?"

ಅಷ್ಟಕ್ಕೇ ರೈಲು ಅಂತ ತೀರ್ಮಾನವಾಯಿತು. ವಯಸ್ಸಾದವರನ್ನು, ಸಕ್ಕರೆ ಕಾಯಿಲೆ ಇರುವವರನ್ನು, ಚಿಕ್ಕ ಮಕ್ಕಳನ್ನು ರಾತ್ರಿ ಕರೆದುಕೊಂಡು ಹೋಗುವವರಿಗೆ ಇದೊಂದು ಕಾರಣ ಸಾಕು. ಬೇರೆ ಲೆಕ್ಕವೆಲ್ಲ ಆಮೇಲೆ.

ನಾನು ಬೆಳಗಾವಿಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು 24 ವರ್ಷ. ಈ ದಾರಿಯಲ್ಲಿ ಎಷ್ಟು ರಾತ್ರಿ ಕಳೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಹೋದ ತಿಂಗಳು ಹೋಗುವಾಗ ಅವ್ವ ಜೊತೆಗಿದ್ದಳು, ಬರುವಾಗ ಒಬ್ಬಳೇ ಬಂದೆ. ಎರಡೂ ಸಲ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಎರಡೂ ಸಲ ಸ್ಲೀಪರ್ ಕ್ಲಾಸ್. ತುಂಬಾ ಜನ ನನ್ನನ್ನು ಕೇಳುತ್ತಾರೆ, "ಒಬ್ಬಳೇ ಸ್ಲೀಪರ್‌ನಲ್ಲಿ ಹೋಗ್ತೀರಾ? ಭಯ ಆಗಲ್ವಾ?" ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ. ನಿದ್ರೆ ಚೆನ್ನಾಗಿ ಬರುತ್ತೋ ಇಲ್ಲವೋ ಅನ್ನೋದು ಎಸಿಯೋ ಸ್ಲೀಪರ್ರೋ ಅನ್ನುವುದಕ್ಕಿಂತ ಜಾಸ್ತಿ ಬರ್ತ್ ನಂಬರಿನ ಮೇಲೆ ನಿಂತಿದೆ. ನಂಬರ್ ಸರಿಯಾಗಿ ಸಿಕ್ಕಿದರೆ ಸ್ಲೀಪರ್‌ನಲ್ಲೂ ಮನೆಯಲ್ಲಿ ಮಲಗಿದ ಹಾಗೆ ಮಲಗಬಹುದು. ತಪ್ಪು ನಂಬರ್ ಸಿಕ್ಕಿದರೆ ಎಸಿಯಲ್ಲೂ ಬೆಳಗಿನವರೆಗೆ ಹೊರಳಾಡಬೇಕು.

ಲೆಕ್ಕ ಸುಲಭ. ಎಂಟೆಂಟು ಬರ್ತ್‌ಗೆ ಒಂದು ಗುಂಪು. ನಂಬರನ್ನು 8ರಿಂದ ಭಾಗಿಸಿ. 1 ಅಥವಾ 4 ಉಳಿದರೆ ಕೆಳಗಿನದು, 2 ಅಥವಾ 5 ಉಳಿದರೆ ನಡುವಿನದು, 3 ಅಥವಾ 6 ಉಳಿದರೆ ಮೇಲಿನದು. 7 ಉಳಿದರೆ ಸೈಡ್ ಲೋಯರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. ಹಳೆ ಸ್ಲೀಪರ್ ಬೋಗಿಯಲ್ಲಿ 72 ಬರ್ತ್, ಹೊಸ ಎಲ್‌ಎಚ್‌ಬಿ ಬೋಗಿಯಲ್ಲಿ 80. ಎರಡರಲ್ಲೂ 33ರಿಂದ 40 ಬೋಗಿಯ ನಡುಮಧ್ಯ ಬರುತ್ತೆ. ಅಲ್ಲಿಗೆ ಬಾಗಿಲ ಸದ್ದು ಬರಲ್ಲ, ಶೌಚಾಲಯದ ವಾಸನೆ ಬರಲ್ಲ. ರಾತ್ರಿ ಎರಡಕ್ಕೆ ಹತ್ತುವವರ ಟ್ರಂಕು ಕಾಲಿಗೆ ಬಡಿಯೋದೂ ಇಲ್ಲ. ಒಬ್ಬಳೇ ಹೋಗುವಾಗ ನನಗೆ 35 ಅಥವಾ 38 ಬೇಕು. ಎರಡೂ ಅಪ್ಪರ್.

ಅಪ್ಪರ್ ಯಾಕೆ ಅಂದ್ರೆ, ಅಲ್ಲಿ ನಿಮ್ಮ ಕಾಲ ಹತ್ತಿರ ಯಾರೂ ಬಂದು ಕೂರಲ್ಲ. ಓಣಿಯಲ್ಲಿ ಓಡಾಡುವವರ ಕೈಗೆ ನೀವೂ ಸಿಗಲ್ಲ, ನಿಮ್ಮ ಚೀಲವೂ ಸಿಗಲ್ಲ. ತಲೆ ಗೋಡೆ ಕಡೆ ಇಟ್ಟು, ಕಾಲು ಓಣಿ ಕಡೆ ಚಾಚಿ ಮಲಗಬೇಕು. ಕೈಚೀಲ ತಲೆ ಮತ್ತು ಗೋಡೆಯ ನಡುವೆ ಇರಬೇಕು. ಚಪ್ಪಲಿಯನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲೇ ಇಟ್ಟುಕೊಳ್ಳಿ. ಕೆಳಗೆ ಬಿಟ್ಟರೆ ಯಾರದ್ದೋ ಕಾಲಿಗೆ ಸಿಕ್ಕಿ ಎಲ್ಲಿಗೋ ಹೋಗಿರುತ್ತೆ. ಒಬ್ಬರೇ ಹೋಗುವ ಹೆಣ್ಣುಮಕ್ಕಳು ಸೈಡ್ ಲೋಯರ್ ಮಾತ್ರ ತೆಗೆದುಕೊಳ್ಳಬೇಡಿ ಅಂತ ನಾನು ಹೇಳೋದು. ಕಿಟಕಿ ಚೆನ್ನಾಗಿರುತ್ತೆ, ನಿಜ. ಆದರೆ ಇಡೀ ರಾತ್ರಿ ಓಣಿಯ ಅಂಚಿಗೇ ಮಲಗಬೇಕು. ಹೋಗೋರು ಬರೋರು ಎಲ್ಲರೂ ಮೈಗೆ ತಾಗಿಕೊಂಡೇ ಹೋಗ್ತಾರೆ.

ಅವ್ವನಿಗೆ ಅಪ್ಪರ್ ಆಗಲ್ಲವಲ್ಲ, ಅದಕ್ಕೆ ಈ ಸಲ ಲೆಕ್ಕ ಬೇರೆ. ಈಗ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತೆ. 2024ರ ಅಕ್ಟೋಬರ್‌ವರೆಗೆ 120 ದಿನ ಇತ್ತು. ಬೆಳಿಗ್ಗೆ 8ಕ್ಕೆ ಸರಿಯಾಗಿ ಕೂತು ಬುಕ್ ಮಾಡಿದೆ. ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಕೆಳಗಿನ ಬರ್ತ್‌ಗಳಲ್ಲಿ ಕೆಲವನ್ನು 60 ದಾಟಿದ ಹಿರಿಯರಿಗೆ, 45 ದಾಟಿದ ಹೆಂಗಸರಿಗೆ ಮತ್ತು ಗರ್ಭಿಣಿಯರಿಗೆ ಅಂತ ತೆಗೆದಿಟ್ಟಿರುತ್ತಾರೆ. ಸ್ಲೀಪರ್‌ನಲ್ಲಿ ಬೋಗಿಗೆ 6ರಿಂದ 7 ಇರುತ್ತೆ. ನನಗೆ 48. ಹಾಗಾಗಿ ಒಂದೇ ಟಿಕೆಟ್‌ನಲ್ಲಿ ನಾವಿಬ್ಬರೂ ಆ ಲೆಕ್ಕಕ್ಕೆ ಬಂದೆವು. 33 ಮತ್ತು 36, ಎದುರುಬದುರು ಲೋಯರ್ ಸಿಕ್ಕಿತು. ಮಗನನ್ನೂ ಅದೇ ಟಿಕೆಟ್‌ಗೆ ಸೇರಿಸಿದ್ದರೆ ಆ ಕೋಟಾ ಸಿಗುತ್ತಿರಲಿಲ್ಲ. ಮೂರನೆಯವರು ಬರೋದಿದ್ದರೆ ಅವರಿಗೆ ಬೇರೆ ಟಿಕೆಟ್ ಮಾಡಿ.

ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ಸ್ಟೇಷನ್ನಿಗೆ ಮುಕ್ಕಾಲು ಗಂಟೆ ಮೊದಲೇ ಹೋದೆವು. ಬೋಗಿ ಎಲ್ಲಿ ನಿಲ್ಲುತ್ತೆ ಅಂತ ಬೋರ್ಡ್ ನೋಡಿಕೊಂಡು ಅಲ್ಲೇ ಅವ್ವನನ್ನು ಕೂರಿಸಿದೆ. ಮಂಡಿ ನೋವಿನವರನ್ನು ಕೊನೆ ಗಳಿಗೆಯಲ್ಲಿ ಓಡಿಸೋಕೆ ಆಗಲ್ಲ. ಅವ್ವ ಹುಟ್ಟಿದ್ದು ಬೈಲಹೊಂಗಲದಲ್ಲಿ. ಚೆನ್ನಮ್ಮನ ಸಮಾಧಿ ಇರೋದು ಅದೇ ಊರಲ್ಲಿ. ಸಂಗೊಳ್ಳಿಯೂ ಅದೇ ತಾಲೂಕು. ಗಾಡಿ ಬಂದು ನಿಂತಾಗ ಬೋಗಿಯ ಮೇಲಿನ ಹೆಸರು ಓದಿ ಕೈ ಮುಗಿದಳು. "ನೋಡವಾ, ರಾಯಣ್ಣನ ಸ್ಟೇಷನ್ನಿಂದ ಚೆನ್ನಮ್ಮನ ಗಾಡಿ ಹತ್ತಾಕತ್ತೀವಿ" ಅಂದಳು. ಇಷ್ಟು ವರ್ಷ ಓಡಾಡಿದರೂ ನನಗೆ ಇದು ಹೊಳೆದೇ ಇರಲಿಲ್ಲ.

ಈಗ ಚೈನಿನ ವಿಷಯ. ಮೊದಲು ನನ್ನ ಹತ್ತಿರ ನಂಬರ್ ಲಾಕ್ ಇರುವ ಚೈನ್ ಇತ್ತು, ಮೆಜೆಸ್ಟಿಕ್ ಹತ್ತಿರ ಒಂದು ಅಂಗಡಿಯಲ್ಲಿ ತಗೊಂಡಿದ್ದು. ಮೂರನೇ ಪ್ರಯಾಣಕ್ಕೇ ಯಾವ ನಂಬರ್ ತಿರುಗಿಸಿದರೂ ಬಾಯಿ ಬಿಡತೊಡಗಿತು. ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಈಗ ಬಳಸೋದು ಸೈಕಲ್ ಅಂಗಡಿಯಿಂದ ತಂದ, ಕೀಲಿ ಇರುವ ಗಟ್ಟಿ ಚೈನು. ಸ್ವಲ್ಪ ಭಾರ. ಆದರೆ ನಂಬಬಹುದು. ಲೋಯರ್ ಬರ್ತ್‌ನ ಅಡಿಯಲ್ಲಿ ಕೈ ಹಾಕಿ ತಡಕಿದರೆ ಕಬ್ಬಿಣದ ಬಳೆ ಸಿಗುತ್ತೆ. ಅದನ್ನು ಇಟ್ಟಿರೋದೇ ಚೈನ್ ಹಾಕೋಕೆ. ಚೈನನ್ನು ಸೂಟ್‌ಕೇಸಿನ ಹಿಡಿಯಲ್ಲಿ ತೂರಿಸಿ ಬಳೆಗೆ ಬೀಗ ಹಾಕಿ. ಸೂಟ್‌ಕೇಸನ್ನು ಜಿಪ್ ಇರುವ ಕಡೆ ಒಳಗೆ, ಗೋಡೆಗೆ ಮುಖ ಮಾಡಿ ತಳ್ಳಿ. ಕೀಲಿಯನ್ನು ಅವ್ವ ತನ್ನ ಸೀರೆಯ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಅದಕ್ಕಿಂತ ಭದ್ರ ಜಾಗ ನನಗಂತೂ ಗೊತ್ತಿಲ್ಲ.

ಚೈನ್ ಹಾಕಿದ್ದು ಬಟ್ಟೆಯ ಸೂಟ್‌ಕೇಸಿಗೆ ಮಾತ್ರ. ದುಡ್ಡು, ಆಧಾರ್ ಕಾರ್ಡು, ಅವ್ವನ ಮಾತ್ರೆ, ಫೋನು ಎಲ್ಲ ಒಂದು ಚಿಕ್ಕ ಚೀಲದಲ್ಲಿ, ಮೈಮೇಲೆ. ಮಲಗುವಾಗ ಅದರ ಪಟ್ಟಿಯನ್ನು ತೋಳಿಗೆ ಎರಡು ಸುತ್ತು ಸುತ್ತಿಕೊಳ್ಳುತ್ತೇನೆ. ಈ ಬುದ್ಧಿ ಬಂದದ್ದು ಒಂದು ಫೋನ್ ಕಳೆದುಕೊಂಡ ಮೇಲೆ. ತುಂಬಾ ವರ್ಷದ ಹಿಂದೆ, ಬೇರೆ ಒಂದು ಗಾಡಿಯಲ್ಲಿ, ಬಾಗಿಲ ಪಕ್ಕದ ಪಾಯಿಂಟ್‌ನಲ್ಲಿ ಚಾರ್ಜಿಗೆ ಹಾಕಿ ಹತ್ತು ನಿಮಿಷ ಕಣ್ಣು ಮುಚ್ಚಿದ್ದೆ. ಎದ್ದಾಗ ಚಾರ್ಜರ್ ಮಾತ್ರ ನೇತಾಡುತ್ತಿತ್ತು. ತೀರಿಕೊಂಡ ಅಪ್ಪನ ಫೋಟೋಗಳೆಲ್ಲ ಅದರಲ್ಲಿದ್ದವು. ಆ ನೋವು ಇನ್ನೂ ಹೋಗಿಲ್ಲ. ಈಗ ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್‌ಗೆ ಕರೆಂಟ್ ಕೊಡಬಾರದು ಅಂತ ನಿಯಮ ಇದೆ. ಚಾರ್ಜ್ ಎಲ್ಲ ಮನೆಯಲ್ಲೇ ಮುಗಿಸಿ, ಒಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಪಿಎನ್‌ಆರ್ ನಂಬರ್, ಮನೆಯವರ ನಂಬರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋನೇ ಹೋದರೆ ಆ ಚೀಟಿಯೇ ಗತಿ.

ನಮ್ಮ ಎದುರಿನ 38ಕ್ಕೆ ಒಬ್ಬ ಹುಡುಗಿ ಬಂದಳು. ಏಳು ತಿಂಗಳ ಬಸುರಿ, ತವರಿಗೆ ಹೊರಟಿದ್ದಳು. ಕೊನೆ ಗಳಿಗೆಯಲ್ಲಿ ಮಾಡಿದ ಟಿಕೆಟ್, ಅಪ್ಪರ್ ಸಿಕ್ಕಿತ್ತು. ಬಿಟ್ಟು ಹೋಗೋಕೆ ಬಂದಿದ್ದ ಗಂಡ ಏಣಿ ನೋಡುತ್ತಾ ನಿಂತುಬಿಟ್ಟಿದ್ದ. ನನ್ನ 33 ಅವಳಿಗೆ ಕೊಟ್ಟು ನಾನು ಮೇಲೆ ಹೋದೆ. ಟಿಸಿ ಬಂದಾಗ ಇಬ್ಬರೂ ಹೇಳಿದೆವು, ಅವರು ಗುರುತು ಹಾಕಿಕೊಂಡರು. ಬದಲಾಯಿಸೋದಿದ್ದರೆ ಗಾಡಿ ಹೊರಡುವ ಮೊದಲೇ ಮೆತ್ತಗೆ ಕೇಳಿ. ಎಲ್ಲರೂ ಹಾಸಿ ಮಲಗಿದ ಮೇಲೆ ಕೇಳಿದರೆ ಯಾರಿಗೂ ಮನಸ್ಸು ಬರಲ್ಲ. ಲೋಯರ್ ಖಾಲಿ ಉಳಿದಿದ್ದರೆ ಹಿರಿಯರಿಗೆ, ಬಸುರಿಯರಿಗೆ ಕೊಡುವ ಅಧಿಕಾರ ಟಿಸಿಗೆ ಇದೆ. ಅದನ್ನೂ ಕೇಳಿ ನೋಡಿ.

ಇದು ರಾತ್ರಿ ತಡವಾಗಿ ಹೊರಡುವ ಗಾಡಿ. ಹತ್ತಿದ ಕೂಡಲೇ ಮಲಗೋದೇ ಕೆಲಸ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಡುವಿನ ಬರ್ತ್‌ನವರಿಗೆ ಅದನ್ನು ಏರಿಸಿಕೊಂಡು ಮಲಗುವ ಹಕ್ಕಿದೆ. ಹಾಗಾಗಿ ಕೆಳಗಿನವರು ಊಟ ಮುಗಿಸಿಕೊಂಡೇ ಬರಬೇಕು. ನಾವು ಮನೆಯಲ್ಲೇ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಉಂಡು ಹೊರಟಿದ್ದೆವು. ದಾರಿಗೆ ನೀರು, ಎರಡು ಬಾಳೆಹಣ್ಣು, ಅಷ್ಟೇ. ಗುರುತಿಲ್ಲದವರು ಬಿಸ್ಕೆಟ್ಟು, ಚಹಾ ಕೊಟ್ಟರೆ ಅವ್ವ ಕೈ ಮುಗಿದು, "ಹೊಟ್ಟಿ ತುಂಬೇತ್ರಿ" ಅಂತಾಳೆ. ಎದುರಿನವರಿಗೆ ಬೇಜಾರೂ ಆಗಲ್ಲ, ನಮಗೆ ಭಯವೂ ಇರಲ್ಲ.

ಸ್ಲೀಪರ್‌ನಲ್ಲಿ ಎಸಿಯ ಹಾಗೆ ಹಾಸಿಗೆ ಹೊದಿಕೆ ಕೊಡಲ್ಲ. ಜನವರಿಯಲ್ಲಿ ತುಮಕೂರು ದಾಟಿದ ಮೇಲೆ ಚಳಿ ಶುರುವಾಗುತ್ತೆ. ಹಳೆ ಬೋಗಿಗಳಲ್ಲಿ ಕಿಟಕಿಯ ಷಟರ್ ಪೂರ್ತಿ ಕೂರದೆ, ಸಂದಿಯಿಂದ ಗಾಳಿ ನೇರ ಕಿವಿಗೆ ಹೊಡೆಯುತ್ತೆ. ಒಂದು ಹಳೆ ಪೇಪರನ್ನು ಉದ್ದಕ್ಕೆ ಮಡಚಿ ಆ ಸಂದಿಗೆ ತುರುಕಿ, ಆಯ್ತು. ಕಿವಿಗೆ ಸ್ಕಾರ್ಫ್, ಕಾಲಿಗೆ ಸಾಕ್ಸ್ ಬೇಕೇ ಬೇಕು. ಹೊದೆಯೋಕೆ ಅವ್ವನ ಕೌದಿ.

ಈ ಕೌದಿ ಬಗ್ಗೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ. ಅವ್ವನ ಹಳೆ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ನೀಲಿ ಲಂಗ ಎಲ್ಲ ಸೇರಿಸಿ ಕೈಯಲ್ಲೇ ಹೊಲಿದದ್ದು. ಅಂಚಿನಿಂದ ನಡುವಿಗೆ ಸುತ್ತಿ ಬಂದ ಬಿಳಿ ದಾರದ ಸಣ್ಣ ಸಣ್ಣ ಟಾಕಿ. ಮಡಚಿದರೆ ದಿಂಬಿನಷ್ಟು. ಅರ್ಧ ಹಾಸಿ ಅರ್ಧ ಹೊದ್ದರೆ ರೆಕ್ಸಿನ್ ಬರ್ತ್‌ನ ತಣ್ಣಗಿನ ಜಾರಿಕೆ ಮೈಗೆ ತಾಗಲ್ಲ. ಗಾಳಿ ತುಂಬುವ ದಿಂಬು, ಪ್ರಯಾಣದ ಬ್ಲಾಂಕೆಟ್ ಅಂತ ಏನೇನೋ ತಂದು ನೋಡಿದ್ದೇನೆ. ಇದರ ಹತ್ತಿರಕ್ಕೆ ಯಾವುದೂ ಬರಲ್ಲ. ಮನೆಯಲ್ಲಿ ಹಳೆ ಕೌದಿ ಇದ್ದರೆ ಅಟ್ಟದಿಂದ ಇಳಿಸಿ.

ಎಸಿ ಬೇಡವೇ ಬೇಡ ಅಂತಲ್ಲ. ಏಪ್ರಿಲ್, ಮೇನಲ್ಲಿ ಅವ್ವನನ್ನು ಕರೆದುಕೊಂಡು ಹೋಗೋದಾದರೆ ನಾನೂ ಥರ್ಡ್ ಎಸಿ ಮಾಡ್ತೀನಿ. ಕಿಟಕಿ ತೆರೆಯದ ಕಾರಣ ಹೊರಗಿನಿಂದ ಕೈ ಹಾಕಿ ಸರ ಕೀಳುವ ಭಯವೂ ಇರಲ್ಲ. ಸ್ಲೀಪರ್‌ನಲ್ಲಿ ಕಿಟಕಿ ಪಕ್ಕ ಮಲಗುವವರು ಸ್ಟೇಷನ್ ಬಂದಾಗ ಷಟರ್ ಇಳಿಸಲೇಬೇಕು. ಆದರೆ ಎಸಿಗೆ ದುಡ್ಡು ಎರಡು ಪಟ್ಟಿಗಿಂತ ಜಾಸ್ತಿ. ಚಳಿಗಾಲದಲ್ಲಿ ಅಷ್ಟು ಕೊಡುವ ಅಗತ್ಯ ನನಗೆ ಕಾಣಲ್ಲ.

ಭಯದ ವಿಷಯಕ್ಕೆ ಬರ್ತೀನಿ. 139 ರೈಲ್ವೆಯ ಸಹಾಯವಾಣಿ, ಈ ನಂಬರನ್ನು ಈಗಲೇ ಫೋನಿಗೆ ಹಾಕಿಕೊಳ್ಳಿ. ಎರಡು ವರ್ಷದ ಹಿಂದೆ ಇನ್ನೊಂದು ಗಾಡಿಯಲ್ಲಿ ಒಬ್ಬ ಕುಡಿದು ಬಂದು, ಕೆಳಗೆ ಮಲಗಿದ್ದ ಕಾಲೇಜು ಹುಡುಗಿಯ ಕಾಲ ಹತ್ತಿರ ಕೂತ. ಏಳು ಅಂದರೆ ಏಳಲಿಲ್ಲ. ನಾನು ಮೇಲಿನಿಂದಲೇ 139ಕ್ಕೆ ಮಾಡಿದೆ. ಪಿಎನ್‌ಆರ್, ಬೋಗಿ, ಬರ್ತ್ ನಂಬರ್ ಕೇಳಿದರು. ಅರಸೀಕೆರೆಯಲ್ಲಿ ರೈಲ್ವೆ ರಕ್ಷಣಾ ಪಡೆಯ (ಆರ್‌ಪಿಎಫ್) ಇಬ್ಬರು ಹತ್ತಿ ಅವನನ್ನು ಇಳಿಸಿಕೊಂಡು ಹೋದರು. ಆಮೇಲೆ ಆ ಹುಡುಗಿ ನನ್ನ ಬರ್ತ್‌ನಲ್ಲಿ ಮಲಗಿದಳು, ನಾನು ಅವಳದ್ದರಲ್ಲಿ. ಇನ್ನೊಂದು ಮಾತು, ಹೆಣ್ಣುಮಕ್ಕಳೆಲ್ಲ ತಿಳಿದಿರಬೇಕಾದದ್ದು. 1989ರ ರೈಲ್ವೆ ಕಾಯ್ದೆಯ ಕಲಂ ಒಂದಿದೆ, ಅದರ ನಂಬರ್ ಕೂಡ 139. ಗಂಡಸರು ಜೊತೆಗಿಲ್ಲದ ಹೆಂಗಸಿನ ಹತ್ತಿರ ಟಿಕೆಟ್ ಇಲ್ಲದಿದ್ದರೂ ರಾತ್ರಿ ಹೊತ್ತು ಕಂಡಕಂಡ ಸ್ಟೇಷನ್ನಿನಲ್ಲಿ ಇಳಿಸುವ ಹಾಗಿಲ್ಲ. ಟಿಕೆಟ್ ಕಳೆದುಹೋಯಿತು ಅಂತ ಗಾಬರಿಯಾಗಿ ಕತ್ತಲಲ್ಲಿ ಇಳಿದುಬಿಡಬೇಡಿ.

ಆವತ್ತು ರಾತ್ರಿ ಎರಡು ಸಲ ಅವ್ವನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದೆ. ಗಾಡಿ ಓಡುವಾಗ ಬಾಗಿಲ ಹತ್ತಿರ ಕುಲುಕು ಜಾಸ್ತಿ. ವಯಸ್ಸಾದವರು ಒಬ್ಬರೇ ಹೋಗಬಾರದು. ಸೋಪಿನ ಕಾಗದ, ಒಂದು ಚಿಕ್ಕ ಟಾರ್ಚ್ ಜೊತೆಗಿದ್ದವು. ಅವ್ವನ ಸ್ಲಿಪ್ಪರ್ ರಬ್ಬರಿನದು, ಜಾರಲ್ಲ.

ಹುಬ್ಬಳ್ಳಿಗೆ ಬಂದಾಗ ಬೆಳಕಾಗಿತ್ತು. ನಡುವಿನ ಬರ್ತ್ ಇಳಿಸಿ ಎಲ್ಲರೂ ಎದ್ದು ಕೂತೆವು. ಆ ಬಸುರಿ ಹುಡುಗಿ ಧಾರವಾಡದಲ್ಲಿ ಇಳಿದಳು. ಅವರಪ್ಪ ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದರು. ಅಳ್ನಾವರ ದಾಟಿದ ಮೇಲೆ ಬೋಗಿ ಅರ್ಧ ಖಾಲಿ. ಲೋಂಡಾ ಕಡೆಯ ಕಾಡು ಕಿಟಕಿಯ ಎರಡೂ ಕಡೆ. ಈ ಒಂದು ಗಂಟೆಗಾಗಿಯೇ ನಾನು ತೆರೆಯುವ ಕಿಟಕಿಯ ಬೋಗಿ ಬಿಡಲ್ಲ. ಹಸಿ ಎಲೆಯ ವಾಸನೆ ಒಳಗೆ ಬರುತ್ತೆ. ಅವ್ವ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. ನಾನು ಚೈನ್ ಬಿಚ್ಚುವಷ್ಟರಲ್ಲಿ ಖಾನಾಪುರ ಬಂತು.

ನಾಲ್ಕು ದಿನ ಬಿಟ್ಟು ವಾಪಸ್ ಹೊರಟಾಗ ಕೌದಿಯನ್ನು ನನ್ನ ಚೀಲಕ್ಕೆ ಅವ್ವನೇ ತುರುಕಿದಳು. "ಒಬ್ಬಾಕಿನ ಹೊಂಟಿ, ಇರ್ಲಿ" ಅಂದಳು. ಬರ್ತ್ 35. ಚಪ್ಪಲಿ ಕವರಿಗೆ, ಚೀಲ ತಲೆಗೆ, ಪಟ್ಟಿ ತೋಳಿಗೆ. ತುಮಕೂರಿಗೆ ಅಲಾರಂ ಇಟ್ಟು ಮುಖದ ತನಕ ಹೊದ್ದುಕೊಂಡೆ. ನಡುವೆ ಅರಸೀಕೆರೆ ಬಂದದ್ದೂ ಗೊತ್ತಾಗಲಿಲ್ಲ.