ಆರಡಿ ಏವಿಯರಿ: ಫ್ರೇಮು ಗಟ್ಟಿ, ಬಾಗ್ಲು ದಂಡ

ಹಿತ್ಲಲ್ಲಿ ಫಿಂಚ್ (ಗುಬ್ಬಿ ಥರದ ಪುಟ್ಟ ಹಕ್ಕಿ) ಸಾಕೋಕೆ ಈ ನಟ್ಟು ಬೋಲ್ಟು ಹಾಕಿ ಜೋಡ್ಸೋ ಏವಿಯರಿ, ಅಂದ್ರೆ ಹಕ್ಕಿ ಹಾರಾಡೋಷ್ಟು ದೊಡ್ಡ ಪಂಜರ, ತಗೋಬಹುದಾ ಅಂತ ತುಂಬಾ ಜನ ಕೇಳ್ತಿದೀರ, ಅದಕ್ಕೇ ಬರೀತಿದೀನಿ. ಅಂಗಡಿ ಹೆಸ್ರು ಹಾಕಲ್ಲ, ಮೈಸೂರು ಕಡೆ ಫ್ಯಾಬ್ರಿಕೇಶನ್ ಮಾಡೋ ಮುಕ್ಕಾಲು ಜನ ಹೆಚ್ಚುಕಮ್ಮಿ ಇದೇ ಮಾಡೆಲ್ ಮಾಡ್ಕೊಡ್ತಾರೆ. ಆರಡಿ ಉದ್ದ, ನಾಲ್ಕಡಿ ಅಗಲ, ಆರಡಿ ಎತ್ತರ, ಒಂದಿಂಚಿನ ಚೌಕ ಪೈಪು, ಕಪ್ಪು ಪೌಡರ್ ಕೋಟಿಂಗು. ಉದ್ದ ಇರೋದೇ ಮುಖ್ಯ ಕಣ್ರೀ, ಫಿಂಚು ಗಿಳಿ ಥರ ಜಾಲರಿ ಹಿಡ್ಕೊಂಡು ಹತ್ತಲ್ಲ, ಆ ಕಡೆಯಿಂದ ಈ ಕಡೆಗೆ ಹಾರುತ್ತೆ ಅಷ್ಟೆ, ಎತ್ರದ ಗೋಪುರದ ಥರದ ಕೇಜು ಅದಕ್ಕೆ ಯಾವ ಉಪಯೋಗಕ್ಕೂ ಬರಲ್ಲ. ಆ ಲೆಕ್ಕದಲ್ಲಿ ಸೈಜು ಸೂಪರ್. ಕಪ್ಪು ಬಣ್ಣಾನೂ ಒಳ್ಳೇದಾಯ್ತು, ಬೆಳ್ಳಿ ಬಣ್ಣದ ಮೆಶ್ (ಜಾಲರಿ) ಬಿಸಿಲಿಗೆ ಮಿನುಗಿ ಹಕ್ಕಿನೇ ಕಾಣಲ್ಲ, ಕಪ್ಪಾದ್ರೆ ಒಳಗಡೆ ಗಂಡು ಜೀಬ್ರಾ ಫಿಂಚಿನ ಕಿತ್ತಳೆ ಕೆನ್ನೆ, ಎದೆ ಮೇಲಿನ ಪಟ್ಟೆ, ಪಕ್ಕದ ಬಿಳಿ ಚುಕ್ಕೆ ಎಲ್ಲ ಕುರ್ಚಿ ಹಾಕ್ಕೊಂಡು ಕೂತು ನೋಡಬಹುದು.

ಈಗ ಜಗಳಕ್ಕೆ ಬರೋಣ. ನಾನು ವಾಟ್ಸಾಪಲ್ಲಿ ಅರ್ಧ ಇಂಚಿನ ಮೆಶ್ ಅಂತ ಸ್ಪಷ್ಟವಾಗಿ ಬರ್ದಿದ್ದೆ, ಬಂದಿದ್ದು ಮುಕ್ಕಾಲು ಇಂಚು. ಕೇಳಿದ್ರೆ ಲವ್ ಬರ್ಡ್ಸ್‌ಗೆ ಎಲ್ರೂ ಇದೇ ಹಾಕ್ಸೋದು ಸಾರ್ ಅಂತಾರೆ. ಸ್ವಾಮಿ, ಜೀಬ್ರಾ ಫಿಂಚು ತೂಗೋದೇ ಹನ್ನೆರಡು ಗ್ರಾಂ ಆಸುಪಾಸು, ಗೂಡಿಂದ ಆಗ ತಾನೇ ಇಳಿದ ಮರಿ ಮುಕ್ಕಾಲು ಇಂಚಲ್ಲಿ ತಲೆ ತೂರಿಸ್ಕೊಂಡು ಸಿಕ್ಕಾಕೊಳುತ್ತೆ, ಹೊರಗಿಂದ ಇಲಿ ಬರುತ್ತೆ, ಹಾವಿನ ಮರಿ ಬರುತ್ತೆ. ಕೊನೆಗೆ ಎರಡು ಪ್ಯಾನೆಲ್ ಬದಲಾಯಿಸ್ಕೊಟ್ರು, ಉಳಿದಿದ್ದಕ್ಕೆ ಎಕ್ಸ್‌ಟ್ರಾ ದುಡ್ಡು ಕೇಳಿದ್ರು, ಕೊಟ್ಟೆ, ಬಾಯ್ತುಂಬ ಬೈಕೊಂಡೇ ಕೊಟ್ಟೆ. ಇನ್ನೊಂದು ವಿಷ್ಯ, ಅರ್ಧ ಇಂಚಲ್ಲೂ ಸುಂಡಿಲಿ ನುಸುಳುತ್ತೆ, ಕೆಳಗಿನ ಎರಡಡಿಗೆ ಕಾಲು ಇಂಚಿನ ಮೆಶ್ ಸುತ್ತಿಸ್ಬಿಡಿ, ಕೆಳಗಡೆ ಸಿಮೆಂಟ್ ಸ್ಲ್ಯಾಬ್ ಇಲ್ಲಾಂದ್ರೆ ಹೆಗ್ಗಣ ಮಣ್ಣು ಕೊರ್ದು ಒಳಗೇ ಏಳುತ್ತೆ.

ಅಂದಹಾಗೆ ಬಣ್ಣ ಬಳೀದೆ ಇರೋ ಹೊಸ ಜಿಐ (ಸತು ಲೇಪಿಸಿದ ಕಬ್ಬಿಣದ) ಮೆಶ್ ತಂದ್ರೆ ವಿನೆಗರ್ ಹಾಕಿ ಬ್ರಷಲ್ಲಿ ಉಜ್ಜಿ ತೊಳೀಲೇಬೇಕು. ಅದ್ರ ಮೇಲಿರೋ ಸತುವಿನ ಪುಡಿ, ಚಕ್ಕೆ ಹಕ್ಕಿ ಹೊಟ್ಟೆಗೆ ಹೋದ್ರೆ ವಿಷ.

ಬಾಗ್ಲು ಅಂತೂ ಕೇಳ್ಬೇಡಿ. ಐದೂವರೆ ಅಡಿ ಬಾಗ್ಲು, ಅದೂ ಹೊರಗಡೆಗೆ ತೆಗೆಯೋದು! ಫಿಂಚು ಗಾಬರಿಯಾದ್ರೆ ಮೇಲಕ್ಕೇ ಹಾರೋದು, ಅದಕ್ಕೇ ಸಾಕೋರು ಬಾಗ್ಲನ್ನ ಸೊಂಟದೆತ್ತರಕ್ಕೆ ಇಡಿಸ್ಕೊಂಡು ಬಗ್ಗಿ ಒಳಗೆ ಹೋಗ್ತಾರೆ, ಇಲ್ಲಾ ಮುಂದೆ ಇನ್ನೊಂದು ಸಣ್ಣ ಗೂಡು ಥರ ಮಾಡಿ ಎರಡು ಬಾಗ್ಲು ಇಡ್ತಾರೆ, ಒಂದು ಹಾಕಿದ ಮೇಲೇ ಇನ್ನೊಂದು ತೆಗೆಯೋದು. ಇವರ ಬಾಗ್ಲು ನೋಡಿದ್ರೆ ಹಕ್ಕಿಗಿಂತ ನೀರಿನ ಟ್ಯಾಂಕರ್‌ನೋರು ಬಂದು ಹೋಗ್ಲಿ ಅಂತ ಮಾಡಿದಂಗಿದೆ. ಚಿಲಕದ ಹತ್ರ ಬೆರಳು ತೂರೋಷ್ಟು ಸಂದಿ ಬೇರೆ. ಒಂದು ಹೆಣ್ಣು ಫಿಂಚು ಹಾರಿ ಹೋಯ್ತು, ಕಾಂಪೌಂಡ್ ಮೇಲೆ ಸ್ವಲ್ಪ ಹೊತ್ತು ಕೂತು ಪೇಂ ಪೇಂ ಅಂತ ಕೂಗ್ತು, ಆಮೇಲೆ ಕಾಣ್ಲಿಲ್ಲ.

ಜೊತೆಗೆ ಫ್ರೀ ಅಂತ ಕೊಟ್ಟ ಐಟಮ್ಮುಗಳಲ್ಲಿ ನೀರಿನ ಬಟ್ಲು ಓಕೆ, ಉಳಿದಿದ್ದು ಗುಜರಿಗೆ. ಕೂರೋಕೆ ಕೊಟ್ಟ ಕಡ್ಡಿ ಎಲ್ಲ ಒಂದೇ ದಪ್ಪ, ನುಣುಪು, ಅದನ್ನ ತೆಗ್ದು ಸೀಬೆ ಕೊಂಬೆ ಹಾಕಿ, ದಪ್ಪ ಸಣ್ಣ ಇದ್ರೆ ಕಾಲಿಗೆ ಒಳ್ಳೇದು. ಗೂಡಿಗೆ ಅಂತ ಲವ್ ಬರ್ಡ್ಸ್ ಮಡಕೆ ಕೊಟ್ಟಿದಾರೆ, ಜೀಬ್ರಾ ಅದರೊಳಗೂ ಇಡುತ್ತೆ, ಆದ್ರೆ ಜಾಗ ಜಾಸ್ತಿ ಸಿಕ್ಕಿದಷ್ಟೂ ನಾರು ತುಂಬುತ್ತೆ, ಮೊಟ್ಟೆ ಇಡುತ್ತೆ, ಅದರ ಮೇಲೆ ಮತ್ತೆ ನಾರು ಹಾಸುತ್ತೆ, ಮತ್ತೆ ಇಡುತ್ತೆ, ಕೆಳಗಿನ ಮೊಟ್ಟೆ ಕಾವೇ ಸಿಗದೆ ಹಾಳಾಗುತ್ತೆ. ಬೆತ್ತದ ಸಣ್ಣ ಬುಟ್ಟಿ ಗೂಡು ತನ್ನಿ, ಜೋಡಿಗಿಂತ ಒಂದೆರಡು ಗೂಡು ಜಾಸ್ತಿನೇ ಇರ್ಲಿ, ಎಲ್ಲಾನೂ ಒಂದೇ ಎತ್ತರಕ್ಕೆ ಕಟ್ಟಿ, ಇಲ್ಲಾಂದ್ರೆ ಮೇಲಿನ ಗೂಡಿಗೆ ಕುಸ್ತಿ. ತೆಂಗಿನ ನಾರನ್ನ ಎರಡು ಮೂರು ಇಂಚಿಗೆ ಕತ್ತರಿಸ್ಕೊಡಿ, ಉದ್ದ ಇದ್ರೆ ಕಾಲಿಗೆ ಸುತ್ಕೊಳುತ್ತೆ, ಮೊದಲ ಮೊಟ್ಟೆ ಕಂಡ ತಕ್ಷಣ ನಾರು ಕೊಡೋದು ನಿಲ್ಸಿ.

ಇಷ್ಟೆಲ್ಲ ಸರಿ ಮಾಡ್ಕೊಂಡ ಮೇಲೆ ಮರಿ ಬಂತಾ ಅಂದ್ರೆ, ಬಂತು. ನಾಲ್ಕರಿಂದ ಆರು ಮೊಟ್ಟೆ ಇಡುತ್ತೆ, ಗಂಡು ಹೆಣ್ಣು ಸರದಿ ಮೇಲೆ ಕಾವು ಕೂರ್ತಾವೆ, ಹನ್ನೆರಡು ಹದಿನಾಲ್ಕು ದಿನಕ್ಕೆ ಒಡಿಯುತ್ತೆ, ಮೂರು ವಾರದ ಹತ್ರ ಮರಿ ಗೂಡಿಂದ ಈಚೆ. ಮರಿ ಬಾಯಿ ತೆಗೆದಾಗ ಒಳಗೆ ನೋಡಿ, ಅಂಗುಳದ ಮೇಲೆ ಕಪ್ಪು ಚುಕ್ಕೆಗಳಿರುತ್ತೆ, ಕತ್ತು ತಿರುಚ್ಕೊಂಡು ಬಾಯಿ ಮೇಲ್ಮಾಡಿ ಕೇಳುತ್ತೆ, ಅಪ್ಪ ಕೊಕ್ಕು ಒಳಗಿಟ್ಟು ತುಂಬ್ತಾನೆ. ಆ ಟೈಮಲ್ಲಿ ಬರೀ ನವಣೆ ಸಾಮೆ ಸಾಲಲ್ಲ, ಬೇಯ್ಸಿದ ಮೊಟ್ಟೆನ ಚಿಪ್ಪು ಸಮೇತ ಪುಡಿ ಮಾಡಿ ಇಡಿ, ಮಧ್ಯಾಹ್ನದೊಳಗೆ ಉಳಿದಿದ್ದು ತೆಗೀರಿ, ಕಡಲ ನೊರೆ (ಸುಣ್ಣದಂಶಕ್ಕೆ ಹಕ್ಕಿ ಕುಕ್ಕೋ ಕಟಲ್‌ಫಿಶ್ ಮೂಳೆ) ಯಾವಾಗ್ಲೂ ನೇತಾಡ್ತಿರ್ಲಿ. ವರ್ಷಕ್ಕೆ ಎರಡು ಮೂರು ಸಲ ಮರಿ ಆದ್ಮೇಲೆ ಗೂಡೇ ತೆಗೆದಿಟ್ಬಿಡಿ. ಇವು ತಾವಾಗೇ ನಿಲ್ಸಲ್ಲ, ಹೆಣ್ಣು ಸೊರಗಿ ಮೊಟ್ಟೆ ಸಿಕ್ಕಾಕೊಂಡು ಸಾಯುತ್ತೆ.

ಇದೇ ಅಂಗಡಿಯೋರು ಹಕ್ಕಿನೂ ಕೊಡಿಸ್ತೀವಿ ಅಂತ ಕೆಂಪು ಮುನಿಯ ಫೋಟೋ ಕಳ್ಸಿದ್ರು, ಅದು ನಮ್ಮ ಗದ್ದೆ ಬಯಲಿನ ರಾಟವಾಳ ಕಣ್ರೀ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೋ ಹಾಗೂ ಇಲ್ಲ ಮಾರೋ ಹಾಗೂ ಇಲ್ಲ, ಅಂಥವ್ರ ಹತ್ರ ಹಕ್ಕಿ ಮಾತ್ರ ತಗೋಬೇಡಿ. ಜೀಬ್ರಾ, ಬೆಂಗಾಲೀಸ್ ಫಿಂಚುಗಳಿಗೆ ಈ ತಲೆನೋವಿಲ್ಲ. ಜಾವಾ ಗುಬ್ಬಿ ಇಟ್ಕೊಂಡಿರೋರು ಮಾತ್ರ ವಿದೇಶಿ ಪ್ರಾಣಿ ಪಕ್ಷಿ ನೋಂದಣಿಯ 2024ರ ರೂಲ್ಸ್ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ನೋಂದಾಯಿಸ್ಬೇಕು.

ಮೇಲಿನ ಶೀಟು ಅರ್ಧಕ್ಕೆ ಮಾತ್ರ ಬರುತ್ತೆ, ಅದು ಸರಿನೇ, ಮಳೆಲಿ ನೆನೆಯೋಕೆ ಇವಕ್ಕೂ ಇಷ್ಟ, ಗಾಳಿ ಬರೋ ಕಡೆ ಮಾತ್ರ ಜೂನಿಗೆ ಮುಂಚೆ ಟಾರ್ಪಾಲ್ ಇಳಿಬಿಡಿ, ಏಪ್ರಿಲಲ್ಲಿ ಶೀಟು ಕಾಯುತ್ತೆ, ಮೇಲೆ ತೆಂಗಿನ ಗರಿ ಹಾಕಿ. ನನ್ನ ಕಡೆಯಿಂದ ಐದಕ್ಕೆ ಮೂರು, ಆ ಮೂರೂ ಫ್ರೇಮಿಗೆ. ಆರ್ಡರ್ ಕೊಡೋರು ಮೆಶ್ ಪೀಸು ಕೈಲಿ ಹಿಡ್ಕೊಂಡು ಸ್ಕೇಲಲ್ಲಿ ಅಳೆದು ನೋಡಿ, ಬಾಗ್ಲು ಮೂರಡಿಗೆ ಇಳ್ಸಿ ಒಳಗಡೆಗೆ ತೆಗೆಯೋ ಹಾಗೆ ಮಾಡಿ ಅಂತ ಬರವಣಿಗೇಲಿ ತಗೊಂಡೇ ಅಡ್ವಾನ್ಸ್ ಹಾಕಿ.