ರೀಮ್ಯಾಪ್ ಆದ ಲಾರಾ 1.8 ಟಿಎಸ್‌ಐಗೆ ಯಾವ ಕ್ಲಚ್, ಯಾವ ಫ್ಲೈವೀಲ್?

ಸ್ಕೋಡಾ ಲಾರಾ 1.8 ಟಿಎಸ್‌ಐ ಮ್ಯಾನುಯಲ್ ಷೋರೂಮಿನಿಂದ ಹೊರಬರುವಾಗ 160 ಪಿಎಸ್, 250 ಎನ್‌ಎಂ. ಸ್ಟೇಜ್ 1 ರೀಮ್ಯಾಪ್ (ಬಿಡಿಭಾಗ ಮುಟ್ಟದೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ಬದಲಿಸುವುದು) ಆದಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ, 320ರಿಂದ 350ರ ಆಸುಪಾಸಿಗೆ ಬರುತ್ತದೆ. ಹಳೆಯ ಕ್ಲಚ್ ಸೋಲುವುದು ಇಲ್ಲೇ. ಐದನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ಚಿನ ಡಿಸ್ಕ್ (ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ತಟ್ಟೆ) ಜಾರುತ್ತಿದೆ.

ಕ್ಲಚ್ ಕೊಳ್ಳುವಾಗ ಬಿಎಚ್‌ಪಿ ಮರೆತುಬಿಡಿ, ಟಾರ್ಕ್ ನೋಡಿ. ಲೆಕ್ಕ ಸುಲಭ: ಘರ್ಷಣೆಯ ಗುಣಾಂಕ 0.28, ಪ್ರೆಶರ್ ಪ್ಲೇಟಿನ (ಡಿಸ್ಕನ್ನು ಎಂಜಿನ್ನಿನ ಫ್ಲೈವೀಲ್ ಚಕ್ರಕ್ಕೆ ಅದುಮುವ ತಟ್ಟೆ) ಒತ್ತಡ 6,000 ನ್ಯೂಟನ್, ಡಿಸ್ಕಿನ ಸರಾಸರಿ ತ್ರಿಜ್ಯ 95 ಮಿ.ಮೀ., ಎರಡು ಮುಖ ಎಂದಿಟ್ಟುಕೊಂಡು (ತ್ರಿಜ್ಯ ಮೀಟರಿನಲ್ಲಿ) ಎಲ್ಲ ಗುಣಿಸಿದರೆ ತಡೆಯುವುದು ಸುಮಾರು 319 ಎನ್‌ಎಂ. ಒತ್ತಡವನ್ನು 7,500ಕ್ಕೆ ಏರಿಸಿದರೆ ಅದೇ ಡಿಸ್ಕ್ 399 ತಡೆಯುತ್ತದೆ. ಹಾಗಾಗಿ ನಮ್ಮ ಆಯ್ಕೆ ಸ್ಯಾಕ್ಸ್ ಪರ್ಫಾರ್ಮೆನ್ಸ್‌ನ ಗಟ್ಟಿ ಪ್ರೆಶರ್ ಪ್ಲೇಟ್, ಜೊತೆಗೆ ಆರ್ಗಾನಿಕ್ ಡಿಸ್ಕ್ (ನಾರು, ರಾಳ ಬೆರೆಸಿದ ಮಾಮೂಲಿ ಮೈಯದ್ದು). ಪೆಡಲ್ ಸ್ವಲ್ಪ ಭಾರ ಅನ್ನಿಸುತ್ತದೆ, ನಿಜ. ಆದರೆ ಸಿಂಟರ್ಡ್ (ಲೋಹದ ಪುಡಿ ಬೆಸೆದ) ಡಿಸ್ಕ್ ಹಾಕಿಸಿಕೊಂಡು ಸಿಲ್ಕ್ ಬೋರ್ಡ್ ಜಾಮಿನಲ್ಲಿ ಗಾಡಿ ತೆವಳಿಸುವುದು ಶಿಕ್ಷೆಯೇ ಸರಿ: ಹಿಡಿಯುವುದು ಒಮ್ಮೆಲೇ, ಪ್ರತಿ ಸಲವೂ ಜರ್ಕ್.

ಫ್ಲೈವೀಲ್ ವಿಚಾರಕ್ಕೆ ಬಂದರೆ, ದಿನಬಳಕೆಯ ಗಾಡಿಗೆ ಡ್ಯುಯಲ್ ಮಾಸ್ (ನಡುವೆ ಸ್ಪ್ರಿಂಗ್ ಇಟ್ಟು ಕಂಪನ ತಗ್ಗಿಸುವ ಎರಡು ತುಂಡಿನದ್ದು) ಇರಲಿ. ಹಗುರ ಸಿಂಗಲ್ ಮಾಸ್ (ಒಂದೇ ತುಂಡಿನದ್ದು) ಹಾಕಿದರೆ ರೆವ್ ಚುರುಕಾಗಿ ಏರುತ್ತದೆ, ಆದರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಗಲಗಲ ಅನ್ನುತ್ತದೆ. ಕ್ಲಚ್ ಒತ್ತಿದೊಡನೆ ಸದ್ದು ನಿಲ್ಲುತ್ತದೆ; ಅದೇ ಅದರ ಗುರುತು. ತೀರಾ ಹಗುರವಾದರೆ ಎಸಿ ಹಾಕಿದಾಗ ಐಡಲ್ ಕುಸಿಯುತ್ತದೆ, ಎಂಜಿನ್ ಕಂಪ್ಯೂಟರ್ (ಇಸಿಯು) ಆಗದೇ ಇರುವ ಮಿಸ್‌ಫೈರ್ ಅನ್ನು, ಅಂದರೆ ಇಂಧನ ಸರಿಯಾಗಿ ಉರಿದಿಲ್ಲವೆಂದು, ತೋರಿಸುವುದೂ ಉಂಟು. ದೊಡ್ಡ ತಪ್ಪು ಇನ್ನೊಂದಿದೆ: ಡ್ಯುಯಲ್ ಮಾಸ್ ಜೊತೆ ಬರುವ ಸ್ಪ್ರಿಂಗ್ ಇಲ್ಲದ ಡಿಸ್ಕನ್ನೇ ಸಿಂಗಲ್ ಮಾಸ್‌ಗೂ ಹಾಕುವುದು. ಆಗ ಎಂಜಿನ್ನಿನ ಕಂಪನವೆಲ್ಲ ನೇರ ಗೇರ್‌ಬಾಕ್ಸಿಗೆ.

ಆರ್ಡರ್ ಮಾಡುವ ಮೊದಲು ಗೇರ್‌ಬಾಕ್ಸ್ ಕೋಡ್ ನೋಡಿ. ಈ ಬಳಗದ ಗಾಡಿಗಳಲ್ಲಿ 228 ಮಿ.ಮೀ., 240 ಮಿ.ಮೀ. ಎರಡೂ ಅಳತೆ ಇವೆ, ಒಂದರದ್ದು ಇನ್ನೊಂದಕ್ಕೆ ಕೂರದು. ಫ್ಲೈವೀಲ್ ಬೋಲ್ಟ್ ಹೊಸದೇ ಬೇಕು: 60 ಎನ್‌ಎಂ ಬಿಗಿದು, ಮೇಲೆ 90 ಡಿಗ್ರಿ ತಿರುಗಿಸಬೇಕು. ಒಮ್ಮೆ ಹಿಗ್ಗಿದ ಬೋಲ್ಟ್ ಮತ್ತೆ ಹಿಡಿತ ಕೊಡುವುದಿಲ್ಲ. ಗೇರ್‌ಬಾಕ್ಸ್ ಇಳಿಸಿದಾಗಲೇ ಕ್ರ್ಯಾಂಕ್ ಹಿಂಬದಿಯ ಸೀಲ್, ರಿಲೀಸ್ ಬೇರಿಂಗ್ ಬದಲಿಸಿ. ಒಂದು ತೊಟ್ಟು ಆಯಿಲ್ ಸಾಕು ಹೊಸ ಡಿಸ್ಕ್ ಹಾಳಾಗಲು. ಡಿಸ್ಕಿನ ಮೇಲೆ ಜರ್ಮನ್‌ನಲ್ಲಿ ‘ಗೆಟ್ರೀಬೆಸೈಟೆ’ ಎಂದು ಅಚ್ಚೊತ್ತಿರುವ ಮುಖ ಗೇರ್‌ಬಾಕ್ಸ್ ಕಡೆಗಿರಬೇಕು. ಸ್ಪ್ಲೈನಿಗೆ (ಡಿಸ್ಕ್ ಕೂರುವ ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳು) ಗ್ರೀಸ್ ತೆಳುವಾಗಿ ಸವರಿ, ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ.

ಕೂರಿಸಿದ ಮೇಲೆ 800 ಕಿ.ಮೀ. ಊರೊಳಗೆ ಮೆತ್ತಗೆ ಓಡಿಸಿ. ಲಾಂಚ್ (ನಿಂತಲ್ಲಿಂದ ಒಮ್ಮೆಲೇ ಜೋರಾಗಿ ಹೊರಡುವುದು), ಫುಲ್ ಥ್ರಾಟಲ್ ಎಲ್ಲ ಅದರ ನಂತರ.